ಬಾಯ್ಲರ್ ಪಿಎಲ್‌ಸಿಯ ಹಳೆಯ ಈಥರ್ನೆಟ್ ಕಾರ್ಡ್ ಬದಲಾವಣೆ: ಒಂದು ಪ್ರಕರಣ ಅಧ್ಯಯನ

ಜಾಗ, ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ಹೌಸ್. ಕಬ್ಬಿನ ಸಿಪ್ಪೆ ಉರಿಸಿ ಹಬೆ ಮಾಡುವ ಬಾಯ್ಲರನ್ನು ಸೀಮೆನ್ಸ್ ಎಸ್7-300 ಪಿಎಲ್‌ಸಿ (ಯಂತ್ರಗಳನ್ನು ಪ್ರೋಗ್ರಾಮಿನಂತೆ ನಡೆಸುವ ಕೈಗಾರಿಕಾ ಕಂಪ್ಯೂಟರ್) ನೋಡಿಕೊಳ್ಳುತ್ತದೆ. ಕಂಟ್ರೋಲ್ ರೂಮಿನಲ್ಲಿ ವಿನ್‌ಸಿಸಿ (ಪ್ಲಾಂಟಿನ ಸ್ಥಿತಿಯನ್ನು ಪರದೆಯಲ್ಲಿ ತೋರಿಸುವ ತಂತ್ರಾಂಶ) ಓಡುವ ಎರಡು ಕಂಪ್ಯೂಟರ್‌ಗಳಿವೆ. ಪಕ್ಕದ ಪವರ್ ಹೌಸಿನಲ್ಲಿ ಟರ್ಬೈನಿಗೆ ಇನ್ನೊಂದು ಎಸ್7-300 ಇದೆ. ಈ ಮೂರೂ ಬಾಯ್ಲರ್ ಪಿಎಲ್‌ಸಿಯೊಂದಿಗೆ ಮಾತಾಡುವುದು ಒಂದೇ ಬಾಗಿಲಿನಿಂದ. ಅದು ಸಿಪಿ 343-1 ಎಂಬ ಈಥರ್ನೆಟ್ ಕಾರ್ಡ್, ಆರ್ಡರ್ ಸಂಖ್ಯೆ 6ಜಿಕೆ7 343-1ಇಎಕ್ಸ್11-0ಎಕ್ಸ್‌ಇ0. ಇದರ ತಯಾರಿಕೆ ನಿಂತು ವರ್ಷಗಳಾಗಿವೆ. ಸ್ಟೋರಿನಲ್ಲಿ ಬದಲಿ ಇರಲಿಲ್ಲ.

ತೊಂದರೆ ಕಾಣಿಸಿಕೊಂಡದ್ದು ಕಬ್ಬು ನುರಿಸುವ ಹಂಗಾಮಿನ ನಟ್ಟನಡುವೆ. ದಿನಕ್ಕೆ ಎರಡು ಮೂರು ಸಲ ಎರಡೂ ಕಂಪ್ಯೂಟರ್‌ಗಳಲ್ಲಿ ಒಟ್ಟಿಗೇ ಸಂಪರ್ಕ ಕಡಿಯುತ್ತಿತ್ತು, ಒಂದು ನಿಮಿಷದೊಳಗೆ ತಾನಾಗಿ ಮರಳುತ್ತಿತ್ತು. ಬಾಯ್ಲರ್ ಮಾತ್ರ ನಿಲ್ಲಲಿಲ್ಲ. ಡ್ರಮ್ (ಬಾಯ್ಲರಿನ ನೀರು, ಹಬೆ ಇರುವ ಪಾತ್ರೆ) ಲೆವೆಲ್ ಕೆಳಗಿಳಿದಾಗ ಬಾಯ್ಲರನ್ನು ತಾನಾಗಿ ನಿಲ್ಲಿಸುವ ಟ್ರಿಪ್, ಫ್ಯಾನುಗಳ ಇಂಟರ್‌ಲಾಕ್ ಎಲ್ಲ ನೇರ ವೈರಿನಲ್ಲಿ ಬಂದಿದ್ದವು, ನೆಟ್‌ವರ್ಕ್ ಮೇಲಲ್ಲ. ಆ ಒಂದು ನಿಮಿಷ ಆಪರೇಟರ್ ಗೇಜ್ ಗ್ಲಾಸ್ ನೋಡಿಕೊಂಡು ನೀರಿನ ಮಟ್ಟ ಕಾಯಬೇಕಾಗುತ್ತಿತ್ತು. ಇದನ್ನು ಸಣ್ಣ ತೊಂದರೆ ಎಂದು ಬಿಡುವಂತಿಲ್ಲ. ನೀರು ನಿಂತರೆ ಡ್ರಮ್ ಖಾಲಿಯಾಗಲು ನಿಮಿಷಗಳು ಸಾಕು.

ಕಾರ್ಡೇ ಹೋಗಿದೆ ಎಂದು ಖಚಿತಪಡಿಸಿದ್ದು ಹೇಗೆ

ಹಳೆಯ ಕಾರ್ಡ್ ಕಂಡ ಕೂಡಲೇ ಅದರ ಮೇಲೆ ತಪ್ಪು ಹೊರಿಸುವುದು ಸುಲಭ. ಎಷ್ಟೋ ಕಡೆ ಕಾರ್ಡ್ ಬದಲಿಸಿದ ಮೇಲೂ ತೊಂದರೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ಕೆಟ್ಟದ್ದು ಬೇರೆ. ಇಲ್ಲಿ ಮೊದಲು ನೋಡಿದ್ದು ಯಾರ್‍ಯಾರಿಗೆ ಸಂಪರ್ಕ ಕಡಿಯುತ್ತದೆ ಎಂಬುದನ್ನು. ಎರಡೂ ಕಂಪ್ಯೂಟರಿಗೆ ಒಂದೇ ಕ್ಷಣದಲ್ಲಿ ಕಡಿಯುತ್ತಿತ್ತು, ಆದ್ದರಿಂದ ದೋಷ ಕಂಪ್ಯೂಟರಿನದಲ್ಲ. ಟರ್ಬೈನ್ ಪಿಎಲ್‌ಸಿಗೂ ಅದೇ ಹೊತ್ತಿಗೆ ಡೇಟಾ ನಿಲ್ಲುತ್ತಿತ್ತು. ಹಾಗಾದರೆ ದೋಷ ಇರಬೇಕಾದದ್ದು ಎಲ್ಲರಿಗೂ ಸಮಾನವಾದ ದಾರಿಯಲ್ಲಿ, ಅಂದರೆ ಸ್ವಿಚ್, ಸ್ವಿಚ್ಚಿನ ಪೋರ್ಟು, ಕೇಬಲ್, ಕಾರ್ಡ್ ಇವುಗಳಲ್ಲಿ ಒಂದರಲ್ಲಿ.

ಪೋರ್ಟ್ ಬದಲಿಸಿದರು, ಕೇಬಲ್ ಬದಲಿಸಿದರು, ಫಲವಿಲ್ಲ. ಕಾರ್ಡಿನ 24 ವೋಲ್ಟ್ ಟರ್ಮಿನಲ್ಲಿನ ಮೇಲೇ ಮೀಟರ್ ಹಿಡಿದು ಅಳೆದರು. ಪವರ್ ಸಪ್ಲೈ ಬಳಿ ಅಳೆದರೆ ನಡುವಿನ ಸಡಿಲ ಸ್ಕ್ರೂ ತಿಳಿಯುವುದಿಲ್ಲ. 20.4 ರಿಂದ 28.8 ವೋಲ್ಟಿನೊಳಗೆ ಇರಬೇಕು, ಇತ್ತು, ಅಲುಗಾಡಲೂ ಇಲ್ಲ. ಕೊನೆಗೆ ಎನ್‌ಸಿಎಂ ಡಯಾಗ್ನೋಸ್ಟಿಕ್ಸ್ ಎಂಬ ಪರೀಕ್ಷಾ ತಂತ್ರಾಂಶದಲ್ಲಿ ಕಾರ್ಡಿನ ಬಫರ್ (ಘಟನೆಗಳ ದಾಖಲೆ) ತೆರೆದು ನೋಡಿದಾಗ, ಸಂಪರ್ಕ ಕಡಿದ ಪ್ರತಿ ಸಮಯಕ್ಕೂ ಕಾರ್ಡ್ ಹೊಸದಾಗಿ ಸ್ಟಾರ್ಟ್ ಆದ ದಾಖಲೆ ಸಿಕ್ಕಿತು. ಕರೆಂಟ್ ಸರಿಯಾಗಿ ಬರುತ್ತಿರುವಾಗಲೇ ಕಾರ್ಡ್ ತಾನಾಗಿ ಬಿದ್ದು ಏಳುತ್ತಿದೆ ಎಂದರೆ ದೋಷ ಅದರ ಒಳಗೇ ಇದೆ. ಹಂಗಾಮು ಮುಗಿಯುವವರೆಗೆ ಪ್ಯಾನೆಲ್ಲಿನ ಫಿಲ್ಟರ್ ತೊಳೆದು, ಫ್ಯಾನ್ ಬದಲಿಸಿ, ಒಳಗಿನ ಬಿಸಿ ತಗ್ಗಿಸಿ ದಿನ ದೂಡಲಾಯಿತು.

ಮೂರು ದಾರಿ, ಒಂದು ಆಯ್ಕೆ

ಮೊದಲ ದಾರಿ, ಹಳೆಯ ಸಾಮಾನಿನ ವ್ಯಾಪಾರಿಗಳಿಂದ ಅದೇ ಇಎಕ್ಸ್11 ತರುವುದು. ಪ್ರಾಜೆಕ್ಟಿನಲ್ಲಿ ಏನನ್ನೂ ಮುಟ್ಟಬೇಕಿಲ್ಲ, ಒಂದು ಗಂಟೆಯ ಕೆಲಸ. ಆದರೆ ಬರುವ ಕಾರ್ಡಿಗೂ ಈಗಿರುವುದರಷ್ಟೇ ವಯಸ್ಸು. ಎರಡನೆಯದು, ಅದೇ ಸಾಲಿನ ಕೊನೆಯ ಕಾರ್ಡಾದ 6ಜಿಕೆ7 343-1ಇಎಕ್ಸ್30-0ಎಕ್ಸ್‌ಇ0 ಹಾಕುವುದು. ಮೂರನೆಯದು, ಇಡೀ ಪಿಎಲ್‌ಸಿಯನ್ನೇ ಎಸ್7-1500ಕ್ಕೆ ಏರಿಸುವುದು.

ಎಸ್7-300 ಸಾಲಿಗೆ ಸೀಮೆನ್ಸ್ 2023ರ ಅಕ್ಟೋಬರ್ 1ರಿಂದ ವಿದಾಯ ಹೇಳಿದೆ. ಅಲ್ಲಿಂದ ಹತ್ತು ವರ್ಷ, ಅಂದರೆ 2033ರವರೆಗೆ, ಬಿಡಿಭಾಗವಾಗಿ ಮಾತ್ರ ಸಿಗುತ್ತದೆ. ಆದ್ದರಿಂದ ಎರಡನೆಯ ದಾರಿ ಶಾಶ್ವತ ಪರಿಹಾರವಲ್ಲ, ಅದು ಸಮಯ ಕೊಂಡುಕೊಳ್ಳುವ ದಾರಿ. ಆದರೂ ಅದನ್ನೇ ಆರಿಸಲು ಗಟ್ಟಿಯಾದ ಕಾರಣವಿತ್ತು. ಪ್ರೋಗ್ರಾಮಿನ ಕಾಮೆಂಟ್ ಸಹಿತ ಮೂಲ ಪ್ರತಿ ಎಲ್ಲಿದೆ ಎಂಬುದೇ ಆಗ ಯಾರಿಗೂ ಗೊತ್ತಿರಲಿಲ್ಲ. ತನ್ನ ಪ್ರೋಗ್ರಾಮ್ ತನಗೇ ಗೊತ್ತಿಲ್ಲದ ಕಾರ್ಖಾನೆ ಒಂದೇ ಆಫ್ ಸೀಸನ್ನಿನಲ್ಲಿ ಬಾಯ್ಲರನ್ನು ಹೊಸ ಪಿಎಲ್‌ಸಿಗೆ ಸಾಗಿಸಲು ಹೊರಡುವುದು ತಪ್ಪು ನಿರ್ಧಾರ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಕಾರ್ಡ್ ಬದಲಾವಣೆಯ ನೆಪದಲ್ಲಿ ಪ್ರಾಜೆಕ್ಟನ್ನು ಹುಡುಕಿ, ಸರಿಪಡಿಸಿ, ದಾಖಲೆ ಮಾಡಿಟ್ಟರೆ ಮೂರನೆಯ ದಾರಿಗೂ ನೆಲ ಹದವಾಗುತ್ತದೆ.

ಕಾರ್ಡಿಗಿಂತ ಅದರ ವಿಳಾಸ ಮುಖ್ಯ

ಡಿಜಿಟಲ್ ಇನ್‌ಪುಟ್ ಕಾರ್ಡ್ ಬದಲಿಸುವುದಕ್ಕೂ ಕಮ್ಯುನಿಕೇಷನ್ ಕಾರ್ಡ್ ಬದಲಿಸುವುದಕ್ಕೂ ವ್ಯತ್ಯಾಸ ಇರುವುದು ಇಲ್ಲಿ. ಇನ್‌ಪುಟ್ ಕಾರ್ಡನ್ನು ಅದರ ಸಿಪಿಯು (ಪಿಎಲ್‌ಸಿಯಲ್ಲಿ ಪ್ರೋಗ್ರಾಮ್ ಓಡಿಸುವ ಮುಖ್ಯ ಘಟಕ) ಒಂದೇ ಬಲ್ಲದು. ಕಮ್ಯುನಿಕೇಷನ್ ಕಾರ್ಡನ್ನು ಊರೆಲ್ಲ ಬಲ್ಲದು, ಒಬ್ಬೊಬ್ಬರೂ ಒಂದೊಂದು ಹೆಸರಿನಿಂದ ಕರೆಯುತ್ತಾರೆ. ಆ ಹೆಸರುಗಳಲ್ಲಿ ಒಂದು ತಪ್ಪಿದರೂ ಆ ಕಡೆಯವರಿಗೆ ಕಾರ್ಡ್ ಸತ್ತಂತೆಯೇ. ಹಾಗಾಗಿ ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಈ ಕಾರ್ಡಿಗೆ ಎಷ್ಟು ಹೆಸರುಗಳಿವೆ ಎಂದು ಒಂದು ಹಾಳೆಯ ಮೇಲೆ ಬರೆದುಕೊಳ್ಳಲಾಯಿತು.

ಈ ಬಾಯ್ಲರಿನಲ್ಲಿ ಸಿಕ್ಕಿದ್ದು ಇಷ್ಟು. ವಿನ್‌ಸಿಸಿ ಕಂಪ್ಯೂಟರ್‌ಗಳು ಐಪಿ ವಿಳಾಸದಿಂದ ಕರೆಯುತ್ತಿರಲಿಲ್ಲ. ಹಳೆಯ ರೂಢಿಯಂತೆ ಇಂಡಸ್ಟ್ರಿಯಲ್ ಈಥರ್ನೆಟ್ ಚಾನೆಲ್ಲಿನಲ್ಲಿ, ಐಎಸ್‌ಓ ಪ್ರೋಟೋಕಾಲಿನಲ್ಲಿ (ಐಪಿ ಇಲ್ಲದೆ ಮಾತಾಡುವ ಹಳೆಯ ಪದ್ಧತಿ), ನೇರ ಮ್ಯಾಕ್ ವಿಳಾಸಕ್ಕೇ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಕರೆ ಹೋಗುತ್ತಿತ್ತು. ಪ್ರಾಜೆಕ್ಟಿನಲ್ಲಿ ಕೈಯಾರೆ ಬರೆದಿದ್ದ ಆ ವಿಳಾಸ 08-00-06 ಎಂದು ಶುರುವಾಗುತ್ತಿತ್ತು. ಅದು ಸೀಮೆನ್ಸ್‌ಗೆ ಮೀಸಲಾದ ಮೊದಲ ಭಾಗ. ಜೊತೆಗೆ ರ್‍ಯಾಕ್ 0, ಸ್ಲಾಟ್ 2. ಈ ಸ್ಲಾಟ್ (ಕಾರ್ಡ್ ಕೂರುವ ಜಾಗ) ಸಿಪಿಯುವಿನದು, ಈಥರ್ನೆಟ್ ಕಾರ್ಡಿನದಲ್ಲ. ಇದನ್ನು 4 ಎಂದು ಬರೆದು ದಿನಗಟ್ಟಲೆ ಒದ್ದಾಡುವವರಿದ್ದಾರೆ. ಟರ್ಬೈನ್ ಪಿಎಲ್‌ಸಿಯೂ ಐಎಸ್‌ಓ ಟ್ರಾನ್ಸ್‌ಪೋರ್ಟ್ ಕನೆಕ್ಷನ್ನಿನಲ್ಲಿ ಅದೇ ಮ್ಯಾಕ್ ವಿಳಾಸವನ್ನೂ ಒಂದು ಜೋಡಿ ಟಿಸ್ಯಾಪ್‌ಗಳನ್ನೂ (ಕನೆಕ್ಷನ್ನಿನ ಎರಡು ತುದಿಗಳ ಗುರುತು) ಹಿಡಿದುಕೊಂಡಿತ್ತು. ಬಾಯ್ಲರ್ ಪ್ರೋಗ್ರಾಮಿನ ಒಳಗೆ ಎಫ್‌ಸಿ 5 (ಕಳಿಸುವ ಬ್ಲಾಕ್) ಮತ್ತು ಎಫ್‌ಸಿ 6 (ಪಡೆಯುವ ಬ್ಲಾಕ್) ಈ ಕಾರ್ಡನ್ನು ಎರಡು ಅಂಕಿಗಳಿಂದ ಗುರುತಿಸುತ್ತಿದ್ದವು, ಕನೆಕ್ಷನ್ ಐಡಿ 1 ಮತ್ತು ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) 0100 ಎಂಬ ಕಾರ್ಡ್ ವಿಳಾಸ. ಎಸ್7-300ರಲ್ಲಿ 4ನೇ ಸ್ಲಾಟಿಗೆ ತಾನಾಗಿ ಬರುವ ವಿಳಾಸ 256, ಅದೇ ಹೆಕ್ಸ್‌ನಲ್ಲಿ 0100. 5ನೇ ಸ್ಲಾಟ್ ಆದರೆ 272. ಇವೆಲ್ಲದರ ಮೇಲೆ ಎಂಪಿಐ (ಪ್ರೋಗ್ರಾಮಿಂಗಿಗೂ ಪ್ಯಾನೆಲ್ಲಿಗೂ ಬಳಸುವ ಸೀಮೆನ್ಸ್ ಸಂಪರ್ಕ) ಸಾಲಿನಲ್ಲೂ ಈ ಕಾರ್ಡಿಗೆ ಒಂದು ಸಂಖ್ಯೆ ಇತ್ತು. ಅದೇ ಸಾಲಿನಲ್ಲಿ ಒಂದು ಆಪರೇಟರ್ ಪ್ಯಾನೆಲ್ ಇದ್ದದ್ದರಿಂದ ಆ ಸಂಖ್ಯೆ ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳಬೇಕಿತ್ತು.

ಯೋಜನೆಯ ಸೂತ್ರ ಒಂದೇ: ಕಾರ್ಡ್ ಹೊಸದು, ಹೆಸರುಗಳೆಲ್ಲ ಹಳೆಯವು. ಕಂಪ್ಯೂಟರ್‌ಗಳಲ್ಲೂ ಟರ್ಬೈನ್ ಪಿಎಲ್‌ಸಿಯಲ್ಲೂ ಒಂದಕ್ಷರ ಮುಟ್ಟಬಾರದು. ಮೂರು ಕಡೆ ಒಟ್ಟಿಗೆ ಬದಲಾವಣೆ ಮಾಡಿದರೆ ಏನಾದರೂ ತಪ್ಪಿದಾಗ ಯಾವ ಕಡೆ ತಪ್ಪಿತೆಂದು ಹುಡುಕುವುದೇ ಒಂದು ಹಗಲಿನ ಕೆಲಸವಾಗುತ್ತದೆ. ಹಿಂದಿರುಗುವ ದಾರಿಯೂ ಮುಚ್ಚುತ್ತದೆ. ಈ ಕಡೆ ಮಾತ್ರ ಬದಲಾಯಿಸಿದ್ದರೆ, ಕೆಲಸ ಕೆಟ್ಟರೂ ಹಳೆಯ ಕಾರ್ಡ್, ಹಳೆಯ ಹಾರ್ಡ್‌ವೇರ್ ಕಾನ್ಫಿಗರೇಷನ್ ಹಾಕಿ ಅರ್ಧ ಗಂಟೆಯಲ್ಲಿ ಮೊದಲಿನ ಸ್ಥಿತಿಗೆ ಬರಬಹುದು.

ಕರೆಂಟ್ ತೆಗೆಯುವ ಮೊದಲು

ಎಸ್7-300ರ ಮುಖ್ಯ ರ್‍ಯಾಕಿನಲ್ಲಿ ಕರೆಂಟ್ ಇರುವಾಗ ಕಾರ್ಡ್ ಕೀಳುವಂತಿಲ್ಲ, ಇಡೀ ರ್‍ಯಾಕ್ ಆಫ್ ಮಾಡಲೇಬೇಕು. ಈ ಬಾಯ್ಲರಿನ ಸಿಪಿಯು 315-2 ಡಿಪಿ ಹಳೆಯ ತಲೆಮಾರಿನದು, ಮೈಕ್ರೋ ಮೆಮೊರಿ ಕಾರ್ಡ್ ಬರುವುದಕ್ಕೂ ಹಿಂದಿನದು. ಅದರಲ್ಲಿ ಪ್ರೋಗ್ರಾಮ್ ಉಳಿಯುವುದು 3.6 ವೋಲ್ಟಿನ ಲಿಥಿಯಂ ಬ್ಯಾಟರಿಯ ಬಲದಿಂದ. ಬ್ಯಾಟರಿ ಸತ್ತಿದ್ದು ಗೊತ್ತಿಲ್ಲದೆ ಸ್ವಿಚ್ ಆಫ್ ಮಾಡಿದರೆ, ಮತ್ತೆ ಆನ್ ಮಾಡುವಾಗ ಸಿಪಿಯು ಖಾಲಿ. ಕಾರ್ಡ್ ಬದಲಿಸಲು ಹೋಗಿ ಬಾಯ್ಲರಿನ ಪ್ರೋಗ್ರಾಮನ್ನೇ ಕಳೆದುಕೊಳ್ಳುವುದು ಹೀಗೆ.

ಸಿಪಿಯುವಿನ ಮುಖದ ಮೇಲೆ ಬ್ಯಾಟರಿ ದೋಷ ತೋರುವ ಕೆಂಪು ದೀಪವೊಂದಿದೆ. ಇಲ್ಲಿ ಅದು ಉರಿಯುತ್ತಲೇ ಇತ್ತು. ಎಷ್ಟು ಕಾಲದಿಂದ ಎಂದು ಯಾರಿಗೂ ಹೇಳಲಾಗಲಿಲ್ಲ, ಬಾಯ್ಲರ್ ನಡೆಯುತ್ತಿತ್ತು, ದೀಪಕ್ಕೆ ಕಣ್ಣು ಒಗ್ಗಿ ಹೋಗಿತ್ತು. ಬ್ಯಾಟರಿಯನ್ನು ಬದಲಿಸಬೇಕಾದದ್ದು ಕರೆಂಟ್ ಇರುವಾಗಲೇ. ಆಫ್ ಮಾಡಿ ಬದಲಿಸಿದರೆ ಹೆದರಿದ್ದೇ ಆಗುತ್ತದೆ. ಮೊದಲ ಕೆಲಸವಾಗಿ ಇದನ್ನು ಮಾಡಲಾಯಿತು, ಆದರೂ ಬ್ಯಾಟರಿಯೊಂದನ್ನೇ ನಂಬಿ ಕೂರಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಸ್ಟೆಪ್ 7 (ಪಿಎಲ್‌ಸಿಗೆ ಪ್ರೋಗ್ರಾಮ್ ಬರೆಯುವ ತಂತ್ರಾಂಶ) ಆವೃತ್ತಿ 5.6, ಎಂಪಿಐಗೆ ಯುಎಸ್‌ಬಿ ಅಡಾಪ್ಟರ್. ಇಡೀ ಸ್ಟೇಷನ್ನನ್ನು ಅಪ್‌ಲೋಡ್ ಮಾಡಿಕೊಳ್ಳಲಾಯಿತು. ಹೀಗೆ ಬರುವ ಪ್ರತಿಯಲ್ಲಿ ಬ್ಲಾಕುಗಳು ಪೂರ್ತಿ ಇರುತ್ತವೆ, ಆದರೆ ಸಿಂಬಲ್ ಹೆಸರುಗಳೂ ಕಾಮೆಂಟುಗಳೂ ಇರುವುದಿಲ್ಲ, ಅವು ಪಿಎಲ್‌ಸಿಯಲ್ಲಿ ಇರುವುದೇ ಇಲ್ಲ. ಹಾಗಾಗಿ ಮೂಲ ಪ್ರಾಜೆಕ್ಟಿನ ಹುಡುಕಾಟ ನಡೆಯಿತು. ಇನ್‌ಸ್ಟ್ರುಮೆಂಟ್ ವಿಭಾಗದ ಬೀರುವಿನ ಒಂದು ಸಿಡಿಯಲ್ಲಿ ಸಿಕ್ಕಿತು. ಅದನ್ನು ಕಣ್ಣುಮುಚ್ಚಿ ಡೌನ್‌ಲೋಡ್ ಮಾಡುವುದು ಅಪಾಯ. ಸಿಡಿ ಬರೆದ ದಿನದ ನಂತರ ಆನ್‌ಲೈನ್‌ನಲ್ಲಿ ಎಷ್ಟೋ ತಿದ್ದುಪಡಿ ಆಗಿರುತ್ತದೆ. ಬ್ಲಾಕ್ ಹೋಲಿಕೆಯ ಸೌಲಭ್ಯದಲ್ಲಿ ಸಿಡಿಯ ಪ್ರತಿಯನ್ನೂ ಪಿಎಲ್‌ಸಿಯನ್ನೂ ಎದುರುಬದುರು ಇಟ್ಟು ನೋಡಿದಾಗ ಕೆಲವು ಬ್ಲಾಕುಗಳು ಬೇರೆಯಾಗಿದ್ದವು. ಫೀಡ್ ವಾಟರ್ ಲೂಪಿನ ಬ್ಲಾಕ್ ಅವುಗಳಲ್ಲಿ ಒಂದು. ಬೇರೆಯಾದ ಪ್ರತಿಯೊಂದನ್ನೂ ಪಿಎಲ್‌ಸಿಯಿಂದ ಪ್ರಾಜೆಕ್ಟಿಗೆ ತಂದು ಕೂಡಿಸಲಾಯಿತು. ಡೇಟಾ ಬ್ಲಾಕುಗಳನ್ನು ಕೊನೆಯ ದಿನ, ಬಾಯ್ಲರ್ ನಿಂತ ಮೇಲೆ, ಇನ್ನೊಮ್ಮೆ ಅಪ್‌ಲೋಡ್ ಮಾಡಬೇಕು. ಆಗಲೇ ಸೆಟ್‌ಪಾಯಿಂಟ್‌ಗಳ, ಪಿಐಡಿ (ಅಳತೆ ನೋಡಿ ತಾನಾಗಿ ತಿದ್ದುವ ನಿಯಂತ್ರಣ) ಟ್ಯೂನಿಂಗಿನ, ಹಬೆಯ ಒಟ್ಟು ಲೆಕ್ಕದ ಇತ್ತೀಚಿನ ಅಂಕಿಗಳು ಕೈಗೆ ಸಿಗುವುದು.

ತರಿಸಿದ ಸಾಮಾನು ಹೆಚ್ಚಿರಲಿಲ್ಲ. ಇಎಕ್ಸ್30 ಎರಡು, ಒಂದು ರ್‍ಯಾಕಿಗೆ, ಒಂದು ಸ್ಟೋರಿಗೆ. ಕಾರ್ಡುಗಳನ್ನು ಹಿಂದಿನಿಂದ ಕೂಡಿಸುವ ಬಸ್ (ಒಳಗಿನ ಸಂಪರ್ಕ ಸಾಲು) ಕನೆಕ್ಟರ್ ಎರಡು. ಲೋಹದ ಕವಚದ ಫಾಸ್ಟ್‌ಕನೆಕ್ಟ್ ಆರ್‌ಜೆ45 ಪ್ಲಗ್ ನಾಲ್ಕು, ಹಸಿರು ಹೊದಿಕೆಯ ಎರಡು ಜೋಡಿ ಕೇಬಲ್ 20 ಮೀಟರ್. ಬ್ಯಾಟರಿ ಎರಡು. ಕೇಬಲ್ ಏಕೆಂದರೆ ಇಎಕ್ಸ್11ರಲ್ಲಿ ಆರ್‌ಜೆ45 ಜೊತೆಗೆ 15 ಪಿನ್ನಿನ ದೊಡ್ಡ ಸಾಕೆಟ್ ಒಂದಿದೆ, ಇಲ್ಲಿ ಬಳಕೆಯಲ್ಲಿದ್ದದ್ದು ಅದೇ. ಇಎಕ್ಸ್30ರಲ್ಲಿ ಅದಿಲ್ಲ, ಇರುವುದು ಎರಡು ಆರ್‌ಜೆ45. ಪ್ಲಗ್ಗಿಗೆ ವೈರ್ ಕೂರಿಸುವಾಗ ಹಳದಿ 1, ಕಿತ್ತಳೆ 2, ಬಿಳಿ 3, ನೀಲಿ 6. ಕಾರ್ಡ್ ಕೊಳ್ಳುವ ಮೊದಲೇ ಅದರ ಕೈಪಿಡಿಯಲ್ಲಿ ಹೊಂದುವ ಸಿಪಿಯುಗಳ ಪಟ್ಟಿ ನೋಡಬೇಕು. ಹಾಗೆಯೇ ಹಿಂಬದಿಯ ಬಸ್ಸಿನ 5 ವೋಲ್ಟಿನಿಂದ ಎಲ್ಲ ಕಾರ್ಡುಗಳೂ ಎಳೆಯುವ ಕರೆಂಟನ್ನು ಕೂಡಿ ನೋಡಬೇಕು. ಈ ಸಿಪಿಯು ಒಟ್ಟು 1.2 ಆಂಪಿಯರ್ ಕೊಡಬಲ್ಲದು.

ಹಾರ್ಡ್‌ವೇರ್ ಕಾನ್ಫಿಗರೇಷನ್, ಮತ್ತು ಮೇಜಿನ ಮೇಲೆ ಸಿಕ್ಕ ತಪ್ಪು

ಪ್ರಾಜೆಕ್ಟಿನ ಪ್ರತಿಯೊಂದನ್ನು ಮಾಡಿಟ್ಟು, ಆ ಪ್ರತಿಯಲ್ಲಿ ಕೆಲಸ. ಹಾರ್ಡ್‌ವೇರ್ ಕಾನ್ಫಿಗ್ ತೆರೆದು 4ನೇ ಸ್ಲಾಟಿನ ಇಎಕ್ಸ್11 ಮೇಲೆ ಕ್ಯಾಟಲಾಗಿನ ಇಎಕ್ಸ್30 ಎಳೆದು ಬಿಡಬೇಕು. ಬದಲಿಸಲೇ ಎಂದು ಕೇಳುತ್ತದೆ, ಹೌದೆನ್ನಬೇಕು. ಹಳೆಯದನ್ನು ಡಿಲೀಟ್ ಮಾಡಿ ಹೊಸದನ್ನು ಸೇರಿಸುವುದು ಕೂಡದು. ಡಿಲೀಟ್ ಮಾಡಿದ ಕ್ಷಣ ಆ ಕಾರ್ಡಿನ ಮೇಲೆ ನಿಂತಿದ್ದ ನೆಟ್‌ಪ್ರೋ (ಸ್ಟೆಪ್ 7ರಲ್ಲಿ ಕನೆಕ್ಷನ್ ಕಟ್ಟುವ ಭಾಗ) ಕನೆಕ್ಷನ್‌ಗಳು ನೆಲೆ ಕಳೆದುಕೊಳ್ಳುತ್ತವೆ. ಅವನ್ನು ಮತ್ತೆ ಕಟ್ಟುವಾಗ ಐಡಿ, ಟಿಸ್ಯಾಪ್ ಬೇರೆ ಬಂದರೆ ಟರ್ಬೈನ್ ಕಡೆಯೂ ಕೈ ಹಾಕಬೇಕಾಗುತ್ತದೆ. ಬದಲಿಸಿದ ಮೇಲೆ ಬರೆದಿಟ್ಟ ಹಾಳೆಯೊಂದಿಗೆ ಒಂದೊಂದೇ ತಾಳೆ ನೋಡಿದರು. ವಿಳಾಸ 256 ಇದೆ, ಎಂಪಿಐ ಸಂಖ್ಯೆ ಮೊದಲಿನದೇ, ಐಪಿ ಮೊದಲಿನದೇ. ನೆಟ್‌ಪ್ರೋದಲ್ಲಿ ಎಲ್ಲವನ್ನೂ ಕಂಪೈಲ್ ಮಾಡಿ ಪರಿಶೀಲಿಸುವ ಆಯ್ಕೆ ಒತ್ತಿದಾಗ ದೋಷವಿಲ್ಲ ಎಂದಿತು.

ಸ್ಟೋರಿನಲ್ಲಿ ಅದೇ ಮಾದರಿಯ ಬಿಡಿ ಸಿಪಿಯು ಒಂದಿತ್ತು. ಅದನ್ನು, ಹೊಸ ಕಾರ್ಡನ್ನು, ಒಂದು ಪವರ್ ಸಪ್ಲೈಯನ್ನು ತುಂಡು ರೈಲಿನ ಮೇಲೆ ಜೋಡಿಸಿ, ವಿನ್‌ಸಿಸಿಯ ಒಂದು ಪ್ರತಿ ಇರುವ ಕಂಪ್ಯೂಟರನ್ನು ಸಣ್ಣ ಸ್ವಿಚ್ಚಿನ ಮೂಲಕ ಕೂಡಿಸಿ ಮೇಜಿನ ಮೇಲೆಯೇ ಓಡಿಸಿ ನೋಡಲಾಯಿತು. ಪ್ಲಾಂಟಿನ ನೆಟ್‌ವರ್ಕಿಗೆ ಇದನ್ನು ಸೇರಿಸಲಿಲ್ಲ. ಒಂದೇ ಮ್ಯಾಕ್ ವಿಳಾಸದ ಎರಡು ಕಾರ್ಡುಗಳು ಒಂದೇ ಜಾಲದಲ್ಲಿ ಇರಬಾರದು.

ಪಿಂಗ್ ಮಾಡಿದರೆ ಉತ್ತರ ಬಂತು. ವಿನ್‌ಸಿಸಿ ಪರದೆಯಲ್ಲಿ ಮಾತ್ರ ಒಂದು ಅಂಕಿಯೂ ಇಲ್ಲ. ಪಿಂಗ್ ಬಂದರೆ ಸಂಪರ್ಕ ಸರಿ ಇದೆ ಎಂದುಕೊಳ್ಳುವ ಅಭ್ಯಾಸ ಇರುವವರು ಇಲ್ಲಿ ಕೇಬಲ್, ಸ್ವಿಚ್, ಫೈರ್‌ವಾಲ್ ಎಂದು ಅಲೆಯುತ್ತಾರೆ. ಪಿಂಗ್ ಹೋಗುವುದು ಐಪಿಗೆ, ಇಲ್ಲಿನ ವಿನ್‌ಸಿಸಿ ಕರೆಯುತ್ತಿದ್ದದ್ದು ಮ್ಯಾಕ್ ವಿಳಾಸಕ್ಕೆ. ಕಾರ್ಡಿನ ಈಥರ್ನೆಟ್ ಇಂಟರ್‌ಫೇಸ್ ಗುಣಲಕ್ಷಣದಲ್ಲಿ, ಮ್ಯಾಕ್ ವಿಳಾಸ ನಿಗದಿ ಮಾಡಿ ಐಎಸ್‌ಓ ಪ್ರೋಟೋಕಾಲ್ ಬಳಸು ಎಂಬ ಚೌಕಕ್ಕೆ ಗುರುತು ಬಿದ್ದಿರಲಿಲ್ಲ. ಹೊಸ ಕಾರ್ಡ್ ತನ್ನ ಮೈಮೇಲೆ ಅಚ್ಚಾದ ಫ್ಯಾಕ್ಟರಿ ವಿಳಾಸದಲ್ಲೇ ಕೂತಿತ್ತು, ಐಎಸ್‌ಓ ಮಾತಿಗೆ ಕಿವಿಯನ್ನೇ ತೆರೆದಿರಲಿಲ್ಲ. ಗುರುತು ಹಾಕಿ, ಹಳೆಯ 08-00-06ರ ವಿಳಾಸ ಬರೆದು, ಕಂಪೈಲ್ ಮಾಡಿ ಡೌನ್‌ಲೋಡ್ ಮಾಡಿದೊಡನೆ ಪರದೆ ಜೀವ ತಾಳಿತು. ಇದೇ ತಪ್ಪು ಶಟ್‌ಡೌನ್ ದಿನ ರಾತ್ರಿ ಸಿಕ್ಕಿದ್ದರೆ ಎಷ್ಟು ಹೊತ್ತು ತಿನ್ನುತ್ತಿತ್ತೋ. ಬಿಡಿ ಸಿಪಿಯು ಇಲ್ಲದಿದ್ದರೆ ಒಂದನ್ನು ಎರವಲು ತಂದಾದರೂ ಈ ಪರೀಕ್ಷೆ ಮಾಡಬೇಕು.

ಎಫ್‌ಸಿ 5, 6 ಬ್ಲಾಕುಗಳ ಹಳೆಯ ಆವೃತ್ತಿ ಒಂದು ಸಲಕ್ಕೆ 240 ಬೈಟ್ ಮೀರಿ ಕಳಿಸದು. ಇಲ್ಲಿ ಹೋಗುತ್ತಿದ್ದದ್ದು 64 ಬೈಟ್ ಮಾತ್ರ, ಆದರೂ ಹೊಸ ಕಾರ್ಡಿನ ಜೊತೆಗೆ ಲೈಬ್ರರಿಯ ಹೊಸ ಆವೃತ್ತಿಯನ್ನೇ ಹಾಕಲಾಯಿತು.

ಬದಲಾವಣೆಯ ದಿನ

ಹಂಗಾಮು ಮುಗಿದು ಬಾಯ್ಲರ್ ತಣ್ಣಗಾದ ಮೇಲೆ ಕೆಲಸಕ್ಕೆ ಆರು ಗಂಟೆ ಇಟ್ಟುಕೊಳ್ಳಲಾಗಿತ್ತು. ಡೇಟಾ ಬ್ಲಾಕುಗಳ ಕೊನೆಯ ಅಪ್‌ಲೋಡ್ ಆಯಿತು. ಬ್ಯಾಟರಿ ದೀಪ ಆರಿದೆ ಎಂದು ಇಬ್ಬರು ನೋಡಿದರು. ಪ್ಯಾನೆಲ್ಲಿನ ಒಳಗಿನ ಫೋಟೊಗಳನ್ನು ನಾಲ್ಕೂ ಕೋನದಿಂದ ತೆಗೆದಿಟ್ಟು ಎಂಸಿಬಿ ಇಳಿಸಿದರು.

ಈಗ ಕಾಗದದ ಮೇಲೆ ಯಾರಿಗೂ ಹೊಳೆಯದ ಸಂಗತಿ ಎದುರಾಗುವ ಹೊತ್ತು. ಇಎಕ್ಸ್11ರ ಅಗಲ 80 ಮಿಲಿಮೀಟರ್, ಇಎಕ್ಸ್30ರದು 40. ಹಳೆಯದು ಹೋದ ಜಾಗದಲ್ಲಿ ಹೊಸದನ್ನು ಕೂರಿಸಿದರೆ ಬಲಕ್ಕೆ 40 ಮಿಲಿಮೀಟರ್ ಖಾಲಿ ಉಳಿಯುತ್ತದೆ. ಬೇರೆ ಕೆಲವು ಪಿಎಲ್‌ಸಿಗಳಂತೆ ಎಸ್7-300ರಲ್ಲಿ ಹಿಂಬದಿಗೆ ಸಿದ್ಧ ಬೋರ್ಡ್ ಇಲ್ಲ, ರೈಲ್ ಬರೀ ಲೋಹದ ಪಟ್ಟಿ. ಪ್ರತಿ ಕಾರ್ಡಿನ ಬೆನ್ನಿಗೆ ಸಿಕ್ಕಿಸುವ ಯು ಆಕಾರದ ಸಣ್ಣ ಬಸ್ ಕನೆಕ್ಟರ್‌ಗಳು ಒಂದರ ಕೈ ಇನ್ನೊಂದು ಹಿಡಿದು ಸರಪಳಿ ಆಗುತ್ತವೆ. ನಡುವೆ ಬೆರಳು ತೂರುವಷ್ಟು ಜಾಗ ಬಿಟ್ಟರೂ ಅಲ್ಲಿಂದ ಬಲಕ್ಕಿರುವ ಕಾರ್ಡುಗಳೆಲ್ಲ ಸಿಪಿಯುವಿಗೆ ಕಾಣುವುದಿಲ್ಲ.

ಈ ರ್‍ಯಾಕಿನಲ್ಲಿ ಈಥರ್ನೆಟ್ ಕಾರ್ಡ್ ಇದ್ದದ್ದು 4ನೇ ಸ್ಲಾಟಿನಲ್ಲಿ, ಅದರ ಬಲಕ್ಕೆ ಆರು ಇನ್‌ಪುಟ್ ಔಟ್‌ಪುಟ್ ಕಾರ್ಡುಗಳು. ಆರನ್ನೂ 40 ಮಿಲಿಮೀಟರ್ ಎಡಕ್ಕೆ ಸರಿಸಬೇಕು. ಕಾರ್ಡನ್ನು ಸರಿಸಿದರೆ ಸ್ಲಾಟ್ ಸಂಖ್ಯೆ ಬದಲಾಗದು, ಸಂಖ್ಯೆ ಎಣಿಕೆಯಾಗುವುದು ಸರಪಳಿಯ ಕ್ರಮದಿಂದ. ಹಾಗಾಗಿ ಪ್ರೋಗ್ರಾಮಿಗೆ ಇದರಿಂದ ತೊಂದರೆ ಇಲ್ಲ. ವೈರು ಬಿಚ್ಚಬೇಕಾಗಿಯೂ ಇಲ್ಲ, ಮುಂಭಾಗದ ಕನೆಕ್ಟರನ್ನು ವೈರುಗಳ ಸಮೇತ ಕಾರ್ಡಿನಿಂದ ಎಳೆದು ತೂಗುಬಿಡಬಹುದು. ಕೀಳುವ ಮೊದಲೇ ಪ್ರತಿ ಕನೆಕ್ಟರಿಗೂ ಅದರ ಕಾರ್ಡಿಗೂ ಒಂದೇ ಸಂಖ್ಯೆಯ ಪಟ್ಟಿ ಅಂಟಿಸಬೇಕು. ಅನಲಾಗ್ ಕಾರ್ಡಿನ ಕನೆಕ್ಟರ್ ಡಿಜಿಟಲ್ ಕಾರ್ಡಿಗೆ ಹೋಗದಂತೆ ಕೋಡಿಂಗ್ ಪಿನ್ ತಡೆಯುತ್ತದೆ, ಆದರೆ ಅಕ್ಕಪಕ್ಕದ ಎರಡು ಒಂದೇ ಮಾದರಿಯ ಕಾರ್ಡುಗಳ ಕನೆಕ್ಟರ್ ಅದಲುಬದಲಾದರೆ ಯಾವ ಪಿನ್ನೂ ತಡೆಯದು. ಅಲ್ಲಿ ಐಡಿ (ಹೊಗೆ ಎಳೆಯುವ) ಫ್ಯಾನಿನ ಸಿಗ್ನಲ್ ಎಫ್‌ಡಿ (ಗಾಳಿ ಊದುವ) ಫ್ಯಾನಿಗೆ ಹೋಗಿ ಕೂತೀತು.

ಕೈ ಕಟ್ಟಿಹಾಕಿದ್ದು ಶೀಲ್ಡ್ ಕ್ಲ್ಯಾಂಪು. ಡಿಜಿಟಲ್ ವೈರುಗಳು ಡಕ್ಟಿನಿಂದ ಸಡಿಲವಾಗಿ ಬಂದಿದ್ದವು, 40 ಮಿಲಿಮೀಟರ್ ಅವಕ್ಕೆ ಲೆಕ್ಕವೇ ಅಲ್ಲ. ಅನಲಾಗ್ ಕೇಬಲ್‌ಗಳ ಶೀಲ್ಡನ್ನು ಕಾರ್ಡಿನ ಕೆಳಗೇ ಬಿಗಿಯಾಗಿ ಕಚ್ಚಿಸಿದ್ದರು. ಕನೆಕ್ಟರ್ ಎಡಕ್ಕೆ ಹೋದಾಗ ಒಂದು ಕೇಬಲ್ ಸೆಟೆದು ನಿಂತಿತು. ಎಳೆದು ಕೂರಿಸಿದರೆ ಇವತ್ತು ನಡೆಯುತ್ತದೆ, ಬಾಯ್ಲರಿನ ಅದುರಾಟಕ್ಕೆ ಮುಂದೊಂದು ದಿನ ವೈರಿನ ತುದಿಯ ಫೆರೂಲ್ ಹೊರಬರುತ್ತದೆ. ಕ್ಲ್ಯಾಂಪನ್ನೇ ಸರಿಸಿ ಮತ್ತೆ ಕಚ್ಚಿಸಲು ಮುಕ್ಕಾಲು ಗಂಟೆ ಹೆಚ್ಚು ಹಿಡಿಯಿತು. ಕಾರ್ಡಿನ ಸ್ಕ್ರೂಗಳನ್ನು 0.8 ರಿಂದ 1.1 ನ್ಯೂಟನ್ ಮೀಟರ್ ಬಿಗಿ ಮಾಡಬೇಕು. ಕಾರ್ಡಿಗೆ ಭೂ ಸಂಪರ್ಕ ಸಿಗುವುದೂ ಆ ರೈಲಿನ ಮೂಲಕವೇ, ಆದ್ದರಿಂದ ಸಡಿಲ ಬಿಡಬಾರದು. ಹೊಸ ಕಾರ್ಡಿಗೂ ಹೊರಗಿನಿಂದ 24 ವೋಲ್ಟ್ ಕೊಡಲು ಮರೆಯಬಾರದು, ಬಸ್ಸಿನ 5 ವೋಲ್ಟ್ ಒಂದೇ ಅದಕ್ಕೆ ಸಾಲದು.

ಈಥರ್ನೆಟ್ ಕೇಬಲ್ ಹಾಕದೆ ಮೊದಲು ಕರೆಂಟ್ ಕೊಟ್ಟರು. ಸಿಪಿಯು ಸ್ಟಾಪಿನಲ್ಲಿ ಬಂತು, ಪ್ರೋಗ್ರಾಮ್ ಇತ್ತು. ಎಂಪಿಐ ಮೂಲಕ ಹಾರ್ಡ್‌ವೇರ್ ಕಾನ್ಫಿಗರೇಷನ್, ಆಮೇಲೆ ನೆಟ್‌ಪ್ರೋದಿಂದ ಕನೆಕ್ಷನ್‌ಗಳು, ಕೊನೆಗೆ ಎಫ್‌ಸಿ 5 ಮತ್ತು 6, ಇಷ್ಟನ್ನೇ ಡೌನ್‌ಲೋಡ್ ಮಾಡಲಾಯಿತು. ಡೇಟಾ ಬ್ಲಾಕುಗಳನ್ನು ಮುಟ್ಟಲಿಲ್ಲ, ಮುಟ್ಟಿದ್ದರೆ ಟ್ಯೂನಿಂಗ್ ಅಂಕಿಗಳ ಮೇಲೆ ಹಳೆಯ ಅಂಕಿಗಳು ಬಂದು ಕೂರುವ ಭಯ. ಫೀಲ್ಡಿನ ಡ್ರೈವ್‌ಗಳೆಲ್ಲ ಐಸೊಲೇಟ್ ಆಗಿವೆ ಎಂದು ನೋಡಿಕೊಂಡು ಸಿಪಿಯು ರನ್ ಮಾಡಿ, ಕೇಬಲ್ ಸಿಕ್ಕಿಸಿದಾಗ ಎರಡೂ ಕಂಪ್ಯೂಟರ್‌ಗಳು ಬಂದವು. ಟರ್ಬೈನ್ ಪಿಎಲ್‌ಸಿಯೂ ಬಂತು. ಎಫ್‌ಸಿ 5ರ ಸ್ಟೇಟಸ್‌ನಲ್ಲಿ ಕೆಲಸ ನಡೆಯುವಾಗ 8181 ಕಾಣುವುದು ಸಹಜ. 8183 ನಿಂತುಬಿಟ್ಟರೆ ಕಾನ್ಫಿಗರೇಷನ್ ಇಲ್ಲ ಅಥವಾ ಕಾರ್ಡ್ ಇನ್ನೂ ಸೇವೆ ಶುರು ಮಾಡಿಲ್ಲ ಎಂದರ್ಥ. 8090 ಬಂದರೆ ಕಾರ್ಡ್ ವಿಳಾಸವೇ ತಪ್ಪು, 256 ಅಲ್ಲಿದೆಯೇ ಎಂದು ಮತ್ತೆ ನೋಡಬೇಕು.

ಎರಡು ಗಂಟೆಯ ನಂತರ ಇಡೀ ಜಾಲ ಕುಂಟತೊಡಗಿತು. ಪರದೆಗಳು ಬಂದು ಬಂದು ಹೋಗುತ್ತಿದ್ದವು, ಸ್ವಿಚ್ಚಿನ ದೀಪಗಳೆಲ್ಲ ಒಂದೇ ಸಮನೆ ಉರಿಯುತ್ತಿದ್ದವು. ಹೊಸ ಕಾರ್ಡೂ ಕೆಟ್ಟಿತೇ ಎಂದು ನೋಡಿದರೆ, ಕಾರ್ಡಿನ ಎರಡನೆಯ ಆರ್‌ಜೆ45 ಖಾಲಿ ಇರುವುದನ್ನು ಕಂಡ ಯಾರೋ ತುರ್ತಿಗೆ ಇನ್ನೊಂದು ದಾರಿ ಇರಲಿ ಎಂದು ಅದಕ್ಕೂ ಅದೇ ಸ್ವಿಚ್ಚಿನಿಂದ ಕೇಬಲ್ ಹಾಕಿದ್ದರು. ಆ ಎರಡು ಪೋರ್ಟುಗಳ ನಡುವೆ ಕಾರ್ಡಿನೊಳಗೇ ಒಂದು ಸ್ವಿಚ್ ಇದೆ. ಎರಡನ್ನೂ ಒಂದೇ ಸ್ವಿಚ್ಚಿಗೆ ಕೊಟ್ಟರೆ ಜಾಲ ವರ್ತುಲವಾಗುತ್ತದೆ, ಬ್ರಾಡ್‌ಕಾಸ್ಟ್ ಸಂದೇಶಗಳು ಅದರಲ್ಲಿ ಸುತ್ತುತ್ತಲೇ ಇರುತ್ತವೆ. ಕೇಬಲ್ ಕಿತ್ತ ಕೂಡಲೇ ಎಲ್ಲ ಶಾಂತವಾಯಿತು. ಎರಡನೆಯ ಪೋರ್ಟಿಗೆ ರಬ್ಬರ್ ಮುಚ್ಚಳ ಹಾಕಿ ಮೇಲೆ ಚೀಟಿ ಅಂಟಿಸಲಾಯಿತು.

ಹೆಪ್ಪುಗಟ್ಟಿದ ಅಂಕಿ

ಕೆಲಸದ ನಡುವೆ ಟರ್ಬೈನ್ ಕಡೆ ಕೂತವರು ಗಮನಿಸಿದ ಒಂದು ವಿಷಯ ನಿಜಕ್ಕೂ ಗಂಭೀರ. ಬಾಯ್ಲರ್ ಪಿಎಲ್‌ಸಿಯ ಕರೆಂಟ್ ತೆಗೆದು ಗಂಟೆಗಳಾದರೂ ಅವರ ಪರದೆಯಲ್ಲಿ ಬಾಯ್ಲರಿನ ಹಬೆ ಒತ್ತಡದ ಅಂಕಿ ಹಾಗೆಯೇ ನಿಂತಿತ್ತು, ಕೆಂಪೂ ಆಗಿರಲಿಲ್ಲ. ಎಫ್‌ಸಿ 6 ಹೊಸ ಡೇಟಾ ಬಂದಾಗ ಮಾತ್ರ ಡೇಟಾ ಬ್ಲಾಕಿನ ಮೇಲೆ ಬರೆಯುತ್ತದೆ. ಬರದಿದ್ದರೆ ಕೊನೆಯ ಅಂಕಿ ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ. ಹಂಗಾಮಿನಲ್ಲಿ ದಿನಕ್ಕೆ ಎರಡು ಮೂರು ಸಲ ಸಂಪರ್ಕ ಕಡಿದಾಗಲೂ ಟರ್ಬೈನ್ ಆಪರೇಟರ್ ನೋಡುತ್ತಿದ್ದದ್ದು ಹಳಸಿದ ಅಂಕಿಯನ್ನೇ, ಅದು ಹಳಸಿದ್ದು ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಪರಿಹಾರಕ್ಕೆ ಹೊಸ ಸಾಮಾನೇನೂ ಬೇಕಿಲ್ಲ. ಬಾಯ್ಲರ್ ಕಡೆ ಸೆಕೆಂಡಿಗೆ ಒಂದರಂತೆ ಏರುವ ಎಣಿಕೆಯೊಂದನ್ನು 64 ಬೈಟಿನ ಕೊನೆಯ ಎರಡು ಬೈಟಿನಲ್ಲಿ ಕಳಿಸಬೇಕು. ಟರ್ಬೈನ್ ಕಡೆ ಆ ಎಣಿಕೆ 5 ಸೆಕೆಂಡ್ ಬದಲಾಗದಿದ್ದರೆ ಅಲಾರಂ ಕೊಟ್ಟು, ಬಂದ ಅಂಕಿಗಳನ್ನೆಲ್ಲ ನಂಬಲಾಗದವು ಎಂದು ಗುರುತಿಸಬೇಕು. ಕಾರ್ಡ್ ಬದಲಾವಣೆ ಮುಗಿದು ಎರಡು ದಿನ ಎಲ್ಲವೂ ಸ್ಥಿರವಾಗಿ ನಡೆದ ಮೇಲೆ, ಪ್ರತ್ಯೇಕ ಕೆಲಸವಾಗಿ, ಎರಡೂ ಪಿಎಲ್‌ಸಿಗಳಲ್ಲಿ ಇದನ್ನು ಸೇರಿಸಲಾಯಿತು. ಪರೀಕ್ಷೆಗೆ ಕೇಬಲ್ ಕಿತ್ತು ಗಡಿಯಾರ ಹಿಡಿದು ನೋಡಿದರು, ಐದನೆಯ ಸೆಕೆಂಡಿಗೆ ಹಾರ್ನ್ ಕೂಗಿತು.

ಮುಂದಿನ ಆಫ್ ಸೀಸನ್ನಿಗೆ ಉಳಿದದ್ದು

ಐಎಸ್‌ಓ ಮಾತನ್ನು ಇನ್ನೂ ಎಷ್ಟು ಕಾಲ ಇಟ್ಟುಕೊಳ್ಳುವುದು ಎಂಬ ಪ್ರಶ್ನೆ ಇದೆ. ಎಸ್7-1500 ಸಿಪಿಯುವಿನ ಸ್ವಂತ ಪೋರ್ಟ್ ಆ ಮಾತನ್ನಾಡುವುದಿಲ್ಲ. ಹಾಗಾಗಿ ಮುಂದಿನ ಹಂತ, ಇದೇ ಇಎಕ್ಸ್30 ಇರುವಾಗಲೇ ವಿನ್‌ಸಿಸಿಯನ್ನು ಟಿಸಿಪಿ/ಐಪಿ ಚಾನೆಲ್ಲಿಗೂ, ಟರ್ಬೈನ್ ಕನೆಕ್ಷನ್ನನ್ನು ಐಎಸ್‌ಓ ಆನ್ ಟಿಸಿಪಿಗೂ ಸಾಗಿಸುವುದು. ಮೊದಲು ಒಂದು ಕಂಪ್ಯೂಟರ್, ಒಂದು ವಾರ ಬಿಟ್ಟು ಇನ್ನೊಂದು. ಅದಾದ ಮೇಲೆ ಪಿಎಲ್‌ಸಿ ಬದಲಿಸುವ ದಿನ ಜಾಲದ ಕಡೆಯ ಕೆಲಸ ಮುಗಿದೇ ಇರುತ್ತದೆ.

ಹಾಗೆ ಮಾಡುವಾಗ ಎಚ್ಚರ ಬೇಕಾದ ಒಂದು ಸಂಗತಿಯಿದೆ. ಐಎಸ್‌ಓ ರೌಟರ್ ದಾಟುವುದಿಲ್ಲ, ಅರಿವಿಲ್ಲದೆಯೇ ಅದು ಒಂದು ಬೇಲಿಯಾಗಿತ್ತು. ಟಿಸಿಪಿಗೆ ಬಂದರೆ ಪಿಎಲ್‌ಸಿಯ 102ನೇ ಪೋರ್ಟ್ ಆಫೀಸಿನ ಜಾಲದಿಂದಲೂ ಕೈಗೆಟುಕಬಹುದು, ಆ ಹಳೆಯ ಎಸ್7 ಪ್ರೋಟೋಕಾಲ್ ಯಾರು ಬಂದಿದ್ದೀರಿ ಎಂದು ಕೇಳುವುದಿಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ವರ್ಮ್ ಗುರಿಯಿಟ್ಟಿದ್ದು ಇದೇ 315-2 ವರ್ಗದ ಸಿಪಿಯುಗಳನ್ನು. ಇಎಕ್ಸ್30ರಲ್ಲಿ ಐಪಿ ಪ್ರವೇಶ ಪಟ್ಟಿಯ ಸೌಲಭ್ಯವಿದೆ. ಎರಡು ಕಂಪ್ಯೂಟರ್, ಟರ್ಬೈನ್ ಪಿಎಲ್‌ಸಿ, ಎಂಜಿನಿಯರಿಂಗ್ ಲ್ಯಾಪ್‌ಟಾಪ್, ಈ ನಾಲ್ಕು ವಿಳಾಸ ಬಿಟ್ಟು ಬೇರೆ ಯಾರಿಗೂ ಬಾಗಿಲು ತೆರೆಯಬಾರದು. ಆಫೀಸ್ ಜಾಲಕ್ಕೂ ಪ್ಲಾಂಟ್ ಜಾಲಕ್ಕೂ ನಡುವೆ ಫೈರ್‌ವಾಲ್ ಇಲ್ಲದೆ ಈ ಹಂತಕ್ಕೆ ಕೈ ಹಾಕಲೇಬಾರದು.

ಸ್ಟೋರಿನ ಎರಡನೆಯ ಇಎಕ್ಸ್30ರ ಪೆಟ್ಟಿಗೆಯ ಮೇಲೆ ಈಗ ಒಂದು ಹಾಳೆ ಅಂಟಿದೆ. ಅದರಲ್ಲಿ ಕಾರ್ಡಿನ ಎಲ್ಲ ಹೆಸರುಗಳಿವೆ: ಮ್ಯಾಕ್, ಐಪಿ, ಎಂಪಿಐ ಸಂಖ್ಯೆ, 256, ಕನೆಕ್ಷನ್ ಐಡಿ, ಟಿಸ್ಯಾಪ್ ಜೋಡಿ. ಐಎಸ್‌ಓ ಚೌಕಕ್ಕೆ ಗುರುತು ಹಾಕಿ ಎಂಬ ಸಾಲು ಕೆಂಪು ಶಾಯಿಯಲ್ಲಿದೆ. ಪ್ರಾಜೆಕ್ಟಿನ ಮೂರು ಪ್ರತಿಗಳು ಮೂರು ಕಡೆ ಇವೆ. ಸಿಪಿಯು ಬ್ಯಾಟರಿಯನ್ನು ಪ್ರತಿ ಹಂಗಾಮಿನ ಮೊದಲು, ಕರೆಂಟ್ ಇರುವಾಗಲೇ, ಬದಲಿಸುವ ಕೆಲಸವನ್ನು ಬಾಯ್ಲರ್ ಹತ್ತಿಸುವ ಮುಂಚಿನ ಪರಿಶೀಲನಾ ಪಟ್ಟಿಗೆ ಸೇರಿಸಲಾಗಿದೆ, ಸೇಫ್ಟಿ ವಾಲ್ವ್ ಪರೀಕ್ಷೆಯ ಕೆಳಗಿನ ಸಾಲಿನಲ್ಲಿ.